ಮೂವತ್ತೆಂಟನೆಯ ಹುಣಿಸೆಬೀಜ

ಇತಿಹಾಸವನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮೈಸೂರಿನಲ್ಲಿ ಎಸ್.ಎಸ್.ಎಲ್.ಸಿ. ಓದುವಾಗ ಕದಂಬರಿಂದ ಹಿಡಿದು ಒಡೆಯರವರೆಗೆ ಸಕಲ ರಾಜವಂಶಗಳನ್ನೂ ಇಸವಿ ಸಮೇತ ನುಂಗಿ, ಪರೀಕ್ಷೆಯ ದಿನ ಒಂದನ್ನೂ ಉಳಿಸಿಕೊಳ್ಳದೆ ಕಕ್ಕಿ, ನೂರಕ್ಕೆ ತೊಂಬತ್ತೊಂದು ಗಿಟ್ಟಿಸಿದ ವೀರ ನಾನು. ಅಂಥವನ ಮುಂದೆ ಅಮೆರಿಕದ ಇತಿಹಾಸ ಎಷ್ಟು ಮಹಾ? ಮುಂದಿನ ವರ್ಷ, ಎಪ್ಪತ್ತಾರಕ್ಕೆ, ದೇಶಕ್ಕೆ ಇನ್ನೂರು ತುಂಬುತ್ತದೆಂದು ನ್ಯೂಯಾರ್ಕಿಗೆ ಹತ್ತಿರದ ನಮ್ಮೂರು ಓಲ್ಡ್ ಬ್ರಿಡ್ಜಿನ ಅಂಗಡಿಗಳಲ್ಲೆಲ್ಲ ಈಗಿನಿಂದಲೇ ಬಾವುಟ ಕಟ್ಟಿ ಸಂಭ್ರಮಿಸುತ್ತಿದ್ದರು. ಬರೀ ಇನ್ನೂರು! ನಮ್ಮ ಅತ್ತೆಯ ಮನೆಯ ಒರಳುಕಲ್ಲಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.

ಹೀಗಾಗಿ ಮೇ ತಿಂಗಳ ಕೊನೆಯಲ್ಲಿ ನನ್ನ ಮಗಳು ರಾಜಿಯ ಹೈಸ್ಕೂಲಿನಿಂದ ಒಂದು ಹಳದಿ ಕಾಗದ ಬಂದಾಗ ನನಗೇನೂ ಗಾಬರಿಯಾಗಲಿಲ್ಲ. ತಮ್ಮ ಮಗಳು ಅಮೆರಿಕದ ಇತಿಹಾಸದಲ್ಲಿ ತೀರಾ ಹಿಂದೆ ಬಿದ್ದಿದ್ದಾಳೆ, ಜೂನ್ ಹದಿಮೂರರ ಪರೀಕ್ಷೆಯಲ್ಲಿ ಅರವತ್ತೈದು ಅಂಕ ಬಾರದಿದ್ದರೆ ಬೇಸಿಗೆ ರಜೆಯಲ್ಲಿ ಆರು ವಾರ ಸಮ್ಮರ್ ಸ್ಕೂಲಿಗೆ ಬರಬೇಕಾಗುತ್ತದೆ ಎಂದು ಅದರಲ್ಲಿ ಬರೆದಿತ್ತು.

ಗಾಬರಿಯಾದದ್ದು ನನ್ನ ಹೆಂಡತಿ ಶೈಲಜೆಗೆ. ಅವಳ ತಮ್ಮ ಸುಬ್ಬುವಿನ ಮದುವೆ ಜುಲೈ ಮೊದಲ ವಾರ ಮೈಸೂರಿನಲ್ಲಿ ನಿಶ್ಚಯವಾಗಿತ್ತು. ಆಷಾಢಕ್ಕೆ ಮುಂಚೆ ಉಳಿದಿದ್ದ ಕೊನೆಯ ಲಗ್ನ ಅದು. ಅರವತ್ತೆಂಟರಲ್ಲಿ ಈ ದೇಶಕ್ಕೆ ಬಂದ ಮೇಲೆ ಅವಳು ತಾಯಿಯ ಮುಖ ನೋಡಿರಲಿಲ್ಲ. ಜೂನ್ ಇಪ್ಪತ್ನಾಲ್ಕಕ್ಕೆ ಮೂವರಿಗೂ ಟಿಕೆಟ್ ಆಗಿತ್ತು, ಸೂಟ್‌ಕೇಸುಗಳು ಏಪ್ರಿಲ್‌ನಿಂದಲೇ ಹಾಲ್‌ನಲ್ಲಿ ಬಾಯಿ ತೆರೆದು ಕೂತಿದ್ದವು. ಈಗ ನೋಡಿದರೆ ಸಮ್ಮರ್ ಸ್ಕೂಲ್ ಶುರುವಾಗುವುದೂ ಅದೇ ವಾರ.

“ಫೇಲಾದ್ರೆ ನೀನು ಪ್ರಾಣೇಶ್ ಅಂಕಲ್ ಮನೇಲಿದ್ದು ಸಮ್ಮರ್ ಸ್ಕೂಲಿಗೆ ಹೋಗು, ನಾವಿಬ್ರೂ ಹೋಗಿ ಬರ್ತೀವಿ” ಎಂದು ಶೈಲಜೆ ಮಗಳಿಗೆ ಹೇಳಿದಳು.

“ಓಕೆ” ಎಂದಳು ರಾಜಿ. ಹದಿನಾರು ವರ್ಷದ ಹುಡುಗಿ. ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ. ಪ್ರಾಣೇಶನ ಮನೆಯಿಂದ ಅವಳ ಸ್ನೇಹಿತೆಯರ ಮನೆ ಎರಡೇ ಬೀದಿ.

ಅವಳು ಅತ್ತ ಹೋದಮೇಲೆ ನಾನು ಹೆಂಡತಿಗೆ, “ಅಂತೂ ಅವಳನ್ನ ಬಿಟ್ಟು ಹೋಗೋ ಧೈರ್ಯ ಮಾಡಿದೆಯಲ್ಲ” ಎಂದೆ.

“ಅವಳನ್ನ ಬಿಟ್ಟು ನಾನೆಲ್ಲಿ ಹೋಗ್ಲಿ? ಹೋಗಲ್ಲ. ಆದ್ರೆ ಅದನ್ನ ಅವಳಿಗೆ ಹೇಳಬೇಡಿ. ಮಗು ಹೆದರಿಕೊಂಡು ಬರೆಯೋದೂ ತಪ್ಪತ್ತೆ” ಎಂದಳು.

ಅಂದರೆ ಹೆಂಡತಿಯ ತವರಿನ ದಾರಿ ಮಗಳ ಅರವತ್ತೈದು ಅಂಕಗಳ ಮೇಲೆ ನಿಂತಿತ್ತು. ನಾನು ಎದೆ ತಟ್ಟಿಕೊಂಡು, “ಚಿಂತೆ ಬಿಡು. ಹನ್ನೆರಡು ದಿನದಲ್ಲಿ ಇಡೀ ಅಮೆರಿಕವನ್ನ ಅವಳ ತಲೇಲಿ ಇಳಿಸ್ತೀನಿ” ಎಂದು ಘೋಷಿಸಿದೆ. ಶೈಲಜೆ ನನ್ನನ್ನು ಒಂದು ಕ್ಷಣ ನೋಡಿ ಅಡಿಗೆಮನೆಗೆ ಹೋದಳು. ಆ ನೋಟವನ್ನು ಆಗ ನಾನು ಮೆಚ್ಚುಗೆ ಎಂದುಕೊಂಡೆ.

ಪಾಠದ ಮೊದಲ ದಿನವೇ ಗುರುಶಿಷ್ಯರಿಗೆ ಜಗಳವಾಯಿತು.

“ಅಂತರ್ಯುದ್ಧ ಯಾವಾಗ ಶುರುವಾಯ್ತು? ಇಸವಿ ಹೇಳು” ಎಂದೆ.

“ಡ್ಯಾಡಿ, ನಮ್ಮ ಟೀಚರ್ ಮಿಸ್ಟರ್ ಕಾನ್ಲಿ ಡೇಟ್ಸ್ ಕೇಳಲ್ಲ. ಹೀ ಆಸ್ಕ್ಸ್ ವೈ.”

“ಯಾಕೆ ಅಂತ ಕೇಳಿದ್ರೂ ಮೊದಲು ಇಸವಿ ಬರಿ. ಇಸವಿ ಕಂಡ್ರೆ ಪೇಪರ್ ನೋಡೋರು ಅರ್ಧ ಕರಗಿಬಿಡ್ತಾರೆ. ಮೈಸೂರಲ್ಲಿ ನಾನು...”

“ದಿಸ್ ಈಸ್ ನಾಟ್ ಮೈಸೂರ್” ಎಂದು ಅವಳು ಹೆಡ್‌ಫೋನ್ ಕಿವಿಗೇರಿಸಿಕೊಂಡು ಮೇಲಿನ ಕೋಣೆ ಸೇರಿದಳು. ಆ ಹೆಡ್‌ಫೋನ್ ಅವಳ ತಲೆಯ ಮೇಲೆ ಸದಾ ಇರುತ್ತಿತ್ತು, ಏನೇನೋ ಕಿರಿಚಾಟದ ಹಾಡುಗಳು.

ನನಗೆ ಜ್ಞಾನೋದಯವಾದದ್ದು ಆಗಲೇ. ಅವಳ ಕಿವಿಗೆ ದಾರಿ ಇದೆ, ಅದು ಕ್ಯಾಸೆಟ್ಟಿನ ದಾರಿ. ಪುಸ್ತಕವನ್ನೆಲ್ಲ ನಾನೇ ಓದಿ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟಿನಲ್ಲಿ ತುಂಬಿಸಿದರೆ? ಅದೂ ಕನ್ನಡದಲ್ಲಿ. ಮಾತೃಭಾಷೆಯಲ್ಲಿ ಕಿವಿಗೆ ಬಿದ್ದದ್ದು ಜನ್ಮದಲ್ಲಿ ಮರೆಯುವುದಿಲ್ಲವೆಂದು ನನ್ನ ನಂಬಿಕೆ. ಇಷ್ಟು ಸುಲಭದ ಉಪಾಯ ಈ ದೇಶದ ಮೇಷ್ಟ್ರುಗಳಿಗೆ ಹೊಳೆದಿಲ್ಲವಲ್ಲ ಎಂದು ಮರುಕವಾಯಿತು.

ಜೂನ್ ಒಂದು, ಭಾನುವಾರ. ರಾಜಿಯ ಚಿಕ್ಕ ರೆಕಾರ್ಡರನ್ನು ಹೊತ್ತು ನಾನು ಬೇಸ್‌ಮೆಂಟಿಗಿಳಿದೆ. ಬಾಗಿಲು ಹಾಕಿಕೊಂಡು, ಬಟ್ಟೆ ಒಗೆಯುವ ಮೆಷಿನ್ನಿನ ಮೇಲೆ ಪುಸ್ತಕವಿಟ್ಟು, ಗಂಟಲು ಸರಿಪಡಿಸಿಕೊಂಡು ಶುರುಮಾಡಿದೆ: “ಪರೀಕ್ಷೆಗೆ ಇನ್ನು ಹನ್ನೆರಡೇ ದಿನ. ಪಾಸಾಗಲೇಬೇಕು!” ಇದು ಮಂಗಳಾಚರಣೆ. ಪ್ರತಿ ಅಧ್ಯಾಯ ಮುಗಿದಾಗಲೂ ಗಟ್ಟಿಯಾಗಿ “ಪಾಸಾಗಲೇಬೇಕು” ಎಂದು ಮತ್ತೆ ಹೇಳಿದೆ. ಚಹಾ ಸಮುದ್ರಕ್ಕೆ ಸುರಿದದ್ದು, ಸ್ವಾತಂತ್ರ್ಯ ಬಂದದ್ದು, ದಕ್ಷಿಣೋತ್ತರಗಳು ಬಡಿದಾಡಿದ್ದು, ಷೇರುಪೇಟೆ ಮಕಾಡೆ ಮಲಗಿದ್ದು ಎಲ್ಲವನ್ನೂ ಭಾವಪೂರ್ಣವಾಗಿ ಓದಿದೆ. ಅಧ್ಯಕ್ಷರ ಪಟ್ಟಿಯನ್ನಂತೂ, “ಅಮೆರಿಕದ ಅಧ್ಯಕ್ಷರು ಮೂವತ್ತೆಂಟು” ಎಂದು ಪೀಠಿಕೆ ಹಾಕಿ, ಮಗ್ಗಿಯ ರಾಗದಲ್ಲಿ ಹಾಡಿಬಿಟ್ಟೆ.

ಆ ಪಟ್ಟಿ ಹಾಡುವಾಗ ಒಂದು ಸೋಜಿಗ ಕಂಡಿತು. ಕ್ಲೀವ್‌ಲ್ಯಾಂಡ್ ಎಂಬ ಮಹಾಶಯ ಒಮ್ಮೆ ಬಂದು ಹೋಗಿ, ನಡುವೆ ಹ್ಯಾರಿಸನ್ ಎಂಬುವರು ಬಂದು, ಆಮೇಲೆ ಮತ್ತೆ ಅದೇ ಕ್ಲೀವ್‌ಲ್ಯಾಂಡ್! ನನಗೆ ನಗು ಬಂತು. ಅಮೆರಿಕದಲ್ಲೂ ಅಚ್ಚಿನ ದೋಷ! ಹೆಸರಿನ ಮುಂದೆ ಬೇರೆ ಇಸವಿ ಹಾಕಿತ್ತು, ಅದೂ ಅಚ್ಚಿನ ದೋಷವೇ ಎಂದು ತೀರ್ಮಾನಿಸಿ, ಎರಡನೆಯ ಹೆಸರನ್ನು ಬಿಟ್ಟು ಸರಾಗವಾಗಿ ಮುಂದೆ ಹೋದೆ.

ಅದೇ ಹೊತ್ತಿಗೆ ಮೇಲೆ ಹಾಲ್‌ನಲ್ಲಿ ಶೈಲಜೆ ದೊಡ್ಡ ರೆಕಾರ್ಡರ್ ಮುಂದೆ ಕೂತು ಇನ್ನೊಂದು ಕ್ಯಾಸೆಟ್ ತುಂಬಿಸುತ್ತಿದ್ದಳು. ಕಾಗದ ಬರೆದರೆ ಅಮ್ಮನಿಗೆ ಓದಲು ಕಣ್ಣು ಸಾಲದು, ಟ್ರಂಕ್ ಕಾಲ್ ಮಾಡಿದರೆ ಇಬ್ಬರೂ “ಹಲೋ ಹಲೋ” ಎಂದು ಅತ್ತು ಮುಗಿಸುತ್ತಾರೆ. ಅದಕ್ಕೆ ಒಂದು ರೆಕಾರ್ಡರನ್ನು ಮೈಸೂರಿಗೆ ಹಿಂದೆಯೇ ಕಳಿಸಿ, ಊರಿಗೆ ಹೋಗುವವರು ಯಾರು ಸಿಕ್ಕಿದರೂ ಅವರ ಕೈಯಲ್ಲಿ ಮಾತಿನ ಕ್ಯಾಸೆಟ್ ಕೊಡುವುದು ನಮ್ಮಲ್ಲಿ ವಾಡಿಕೆ. ಅತ್ತೆ ಊದುಬತ್ತಿ ಹಚ್ಚಿ, ಅಕ್ಕಪಕ್ಕದವರನ್ನೆಲ್ಲ ಕರೆದು ಕೂಡಿಸಿಕೊಂಡು ಅದನ್ನು ಕೇಳುತ್ತಿದ್ದರು. ಈ ಸಲ ಊರಿಗೆ ಹೊರಟಿದ್ದವರು ನಮ್ಮ ಸ್ನೇಹಿತ ಬದರೀನಾಥ್, ಮಂಗಳವಾರದ ವಿಮಾನಕ್ಕೆ.

“ರೀ, ಆಫೀಸಿಂದ ಬರ್ತಾ ನನ್ನ ಕ್ಯಾಸೆಟ್ನ ಬದರಿ ಅವರಿಗೆ ಕೊಟ್ಟು ಬನ್ನಿ. ಎರಡೂ ಒಂದೇ ಥರ ಇದೆ, ಅದಲುಬದಲು ಮಾಡಬೇಡಿ” ಎಂದಳು ಶೈಲಜೆ.

“ನನಗೆ ಹೇಳ್ತೀಯಾ? ನಾನು ಎಂಜಿನಿಯರ್ ಕಣೇ” ಎಂದೆ.

ಎಂಜಿನಿಯರ್ ಎಂಬುದನ್ನು ರುಜುವಾತುಪಡಿಸಲು ಎರಡನ್ನೂ ಆಫೀಸಿಗೇ ಒಯ್ದೆ. ಅಲ್ಲಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಉಬ್ಬಕ್ಷರ ಒತ್ತುವ ಒಂದು ಸಲಕರಣೆ ಇತ್ತು. ಕ್ಯಾಸೆಟ್ಟುಗಳನ್ನು ಡಬ್ಬಿಯಿಂದ ತೆಗೆದು, ಧೂಳು ಒರೆಸಿ ಪಕ್ಕಕ್ಕಿಟ್ಟು, ಒಂದು ಡಬ್ಬಿಗೆ ‘ರಾಜಿ’, ಇನ್ನೊಂದಕ್ಕೆ ‘ಅತ್ತೆ’ ಎಂದು ಇಂಗ್ಲಿಷಿನ ಕೆಂಪು ಪಟ್ಟಿಗಳನ್ನು ಅಳತೆ ಹಿಡಿದು ಅಂಟಿಸಿದೆ. ಪಟ್ಟಿಗಳು ನೂಲು ಹಿಡಿದಂತೆ ನೆಟ್ಟಗಿದ್ದವು. ಒಳಗೆ ಯಾವ ಕ್ಯಾಸೆಟ್ ಇಟ್ಟೆ ಎಂಬ ಕ್ಷುಲ್ಲಕ ವಿಷಯದ ಕಡೆ ಗಮನ ಹೋಗಲಿಲ್ಲ.

‘ಅತ್ತೆ’ ಡಬ್ಬಿ ಬದರಿಯವರ ಜೊತೆ ವಿಮಾನ ಹತ್ತಿತು. ‘ರಾಜಿ’ ಡಬ್ಬಿ ರಾಜಿಯ ಕೈ ಸೇರಿತು. “ಬರೀ ಕೇಳು. ಬರೆಯೋದೂ ಬೇಡ, ಓದೋದೂ ಬೇಡ. ದಿನಕ್ಕೊಂದು ಸಲ, ಎರಡೂ ಮಗ್ಗುಲು” ಎಂದೆ. ಕಣ್ಣು ಮೇಲೆ ಮಾಡಿಕೊಂಡು ತೆಗೆದುಕೊಂಡು ಹೋದಳು.

ಆಮೇಲೆ ನಡೆದದ್ದು ಪವಾಡ. ಅಂದು ಸಂಜೆ ಅವಳ ಕೋಣೆಯಿಂದ ಕಿಲಕಿಲ ನಗು ಕೇಳಿಸಿತು. ಬಾಗಿಲ ಸಂದಿಯಿಂದ ಇಣುಕಿದೆ. ಹೆಡ್‌ಫೋನ್ ಹಾಕಿಕೊಂಡು ಹಾಸಿಗೆಯ ಮೇಲೆ ಹೊರಳಾಡಿ ನಗುತ್ತಿದ್ದಳು. ಚಹಾ ಸುರಿದ ಪ್ರಸಂಗವಿರಬೇಕು, ಅಲ್ಲಿ ನಾನು ಸ್ವಲ್ಪ ಹಾಸ್ಯ ಬೆರೆಸಿದ್ದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅಂತರ್ಯುದ್ಧಕ್ಕೆ ಬಂದಿದ್ದಾಳೆ ಎಂದುಕೊಂಡೆ. ನನ್ನ ಕಣ್ಣೂ ತೇವವಾಯಿತು.

ಮರುದಿನದಿಂದ ಹುಡುಗಿ ಬೇರೆಯೇ ಆದಳು. ಶಾಲೆ ಬಿಟ್ಟಮೇಲೆ ಲೈಬ್ರರಿ, ಮನೆಗೆ ಬಂದರೆ ಪುಸ್ತಕ. ಮಿಸ್ಟರ್ ಕಾನ್ಲಿಯ ಹತ್ತಿರ ಬೆಳಿಗ್ಗೆ ಬೇಗ ಹೋಗಿ ಅನುಮಾನ ಕೇಳಿಕೊಂಡು ಬರತೊಡಗಿದಳು. ಅಮ್ಮ ಕೇಳದೆಯೇ ಪಾತ್ರೆ ತೊಳೆದಳು. ಊಟದ ಹೊತ್ತಿಗೆ ಒಮ್ಮೆ ನನ್ನನ್ನೇ ದಿಟ್ಟಿಸಿ, “ಡ್ಯಾಡಿ, ವೆನ್ ಈಸ್ ಯುವರ್ ವೆಡ್ಡಿಂಗ್ ಆ್ಯನಿವರ್ಸರಿ?” ಎಂದು ಕೇಳಿದಳು.

“ನವೆಂಬರ್... ಇಪ್ಪತ್ತು... ಪರೀಕ್ಷೆಗೆ ಬರೋದನ್ನ ಕೇಳು” ಎಂದೆ. ಅವಳು ಅಮ್ಮನ ಕಡೆ ನೋಡಿ ಮುಸಿಮುಸಿ ನಕ್ಕಳು.

“ಕ್ಯಾಸೆಟ್ ಹೇಗಿದೆ?” ಎಂದೆ.

“ಇಟ್ಸ್ ರಿಯಲಿ ಗುಡ್, ಡ್ಯಾಡಿ. ಎವ್ರಿ ಡೇ ಕೇಳ್ತಿದೀನಿ.”

ಇನ್ನೇನು ಬೇಕು? ಬಸ್ಸಿನಲ್ಲಿ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗಿಬರುವಾಗ ಪಕ್ಕದಲ್ಲಿ ಕೂತವರಿಗೆಲ್ಲ ನನ್ನ ಶಿಕ್ಷಣ ಪದ್ಧತಿಯ ವಿವರಣೆ ಕೊಟ್ಟೆ. ಒಬ್ಬರು ಸೀಟು ಬದಲಾಯಿಸಿದರು.

ಹದಿಮೂರನೇ ತಾರೀಖು ಶುಕ್ರವಾರ ಪರೀಕ್ಷೆ ಮುಗಿಯಿತು. ಮರುದಿನ ಪ್ರಾಣೇಶನ ಮನೆಯಲ್ಲಿ ನಮ್ಮ ಕನ್ನಡದ ಆರು ಕುಟುಂಬಗಳ ಊಟ. ಪ್ರಾಣೇಶ ಧಾರವಾಡದವನು, ಅವನ ಮಗನಿಗೆ ಮುಂದಿನ ವರ್ಷ ಅದೇ ಪರೀಕ್ಷೆ. ನಾನು ಬಿಸಿಬೇಳೆಭಾತಿನ ತಟ್ಟೆ ಹಿಡಿದು ಕ್ಯಾಸೆಟ್ಟಿನ ಮಹಿಮೆಯನ್ನು ವರ್ಣಿಸುತ್ತಿದ್ದೆ.

“ಏನ್ರೀ ಮೂರ್ತಿಯವರ, ನಮಗೂ ಒಂದ್ ಸ್ವಲ್ಪ ಕೇಳಸ್ರೆಲಾ” ಎಂದ ಪ್ರಾಣೇಶ.

“ಈಗಲೇ ಕೇಳಿ” ಎಂದು ಜೇಬಿನಿಂದ ‘ರಾಜಿ’ ಡಬ್ಬಿ ತೆಗೆದೆ. ಬೆಳಿಗ್ಗೆಯೇ ಅವಳ ಮೇಜಿನಿಂದ ಎತ್ತಿಟ್ಟುಕೊಂಡಿದ್ದೆ. ಇಂಥ ಕೋರಿಕೆ ಬಂದೇ ಬರುತ್ತದೆಂದು ಗೊತ್ತಿತ್ತು.

ಅತ್ತ ಕೂತಿದ್ದ ರಾಜಿ ಎದ್ದು ಓಡಿ ಬಂದಳು. “ಡ್ಯಾಡಿ, ನೋ! ಪ್ಲೀಸ್, ಡೋಂಟ್!”

“ಸಂಕೋಚ ಯಾಕಮ್ಮ? ನಾಲ್ಕು ಜನಕ್ಕೆ ಉಪಯೋಗವಾಗ್ಲಿ” ಎನ್ನುತ್ತ ಗುಂಡಿ ಒತ್ತಿದೆ. ಪ್ರಾಣೇಶನ ದೊಡ್ಡ ಸ್ಪೀಕರುಗಳಿಂದ ಹೊರಟದ್ದು ನನ್ನ ಕಂಠವಲ್ಲ.

“ಅಮ್ಮಾ, ನಾನು ಶೈಲೂ. ಚೆನ್ನಾಗಿದೀಯಾ? ಇಲ್ಲಿ ಇವರು ಬೇಸ್‌ಮೆಂಟ್‌ನಲ್ಲಿ ಬಾಗಿಲು ಹಾಕ್ಕೊಂಡು ಒಬ್ಬರೇ ಕೂಗಾಡ್ತಿದಾರೆ. ಗಾಬರಿಯಾಗಬೇಡ, ಆರೋಗ್ಯವಾಗೇ ಇದಾರೆ. ಇಸವಿಗಳಲ್ಲಿ ತಮ್ಮನ್ನ ಮೀರಿಸೋರಿಲ್ಲ ಅಂತಾರೆ. ಹದಿನೇಳು ವರ್ಷವಾಯ್ತು, ನಮ್ಮ ಮದುವೆ ತಾರೀಖು ಇವತ್ತಿಗೂ ಸರಿಯಾಗಿ ಹೇಳಲ್ಲ...”

ಆರು ಕುಟುಂಬಗಳು ಘೊಳ್ಳೆಂದು ನಕ್ಕವು. ನಾನು ನಿಲ್ಲಿಸಲು ಹೋಗಿ ಧ್ವನಿಯನ್ನು ಹೆಚ್ಚಿಸಿದೆ. ಪ್ರಾಣೇಶನ ಯಂತ್ರಕ್ಕೆ ಹತ್ತೊಂಬತ್ತು ಗುಂಡಿ. ಯಾವುದನ್ನೋ ಒತ್ತಿದೆ, ಟೇಪು ಸರ್ರೆಂದು ಮುಂದೆ ಓಡಿ ಮತ್ತೆ ಮಾತಾಡತೊಡಗಿತು. ಈಗ ಶೈಲಜೆಯ ಧ್ವನಿ ಸಣ್ಣಗಾಗಿತ್ತು.

“ರಾಜಿ ಪಾಸಾಗದಿದ್ರೆ ನಾನು ಬರಲ್ಲಮ್ಮ. ಸುಬ್ಬು ಧಾರೆಗೆ ನಾನಿರಲ್ಲ. ಅವಳಿಗೆ ಮಾತ್ರ ನಾವು ಹೋಗೇ ಹೋಗ್ತೀವಿ ಅಂತ ಹೇಳಿದೀನಿ, ಪಾಪ, ಅವಳ ಮೇಲೆ ಯಾಕೆ ಹೊರೆ. ಒಂಬತ್ತು ವರ್ಷದ ಮಗೂನ ಭಾಷೆ ಬರದ ಸ್ಕೂಲಿಗೆ ಬಿಟ್ಟು ಬಂದ್ವಿ. ಒಬ್ಬಳೇ ಎಲ್ಲಾ ಕಲಿತಳು. ಫೇಲಾದ್ರೂ ನಾನು ಅವಳ ಮುಂದೆ ಅಳಲ್ಲ ಅಂತ ತೀರ್ಮಾನ ಮಾಡಿದೀನಿ. ಈಗ ನಿನ್ನ ಮುಂದೆ ಅತ್ತುಬಿಡ್ತೀನಿ ಅಷ್ಟೆ...”

ಪ್ರಾಣೇಶ ಬಂದು ಯಂತ್ರ ನಿಲ್ಲಿಸಿದ. ಯಾರೂ ನಗಲಿಲ್ಲ. ಶೈಲಜೆ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ರಾಜಿ ಹೋಗಿ ಅವಳನ್ನು ತಬ್ಬಿಕೊಂಡಳು. “ಸಾರಿ, ಅಮ್ಮ. ಫಸ್ಟ್ ಡೇನೇ ಗೊತ್ತಾಯ್ತು, ರಾಂಗ್ ಟೇಪ್ ಅಂತ. ಬಟ್ ಐ ಕುಡಂಟ್ ಸ್ಟಾಪ್. ನೀನು ನಂಗೆ ಯಾವತ್ತೂ ಇದೆಲ್ಲ ಹೇಳಲ್ಲ” ಎಂದಳು.

ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಭಯವೂ ಬಂತು. ಅಂದರೆ ಹುಡುಗಿ ನನ್ನ ಪಾಠದ ಒಂದಕ್ಷರವನ್ನೂ ಕೇಳದೆ ಪರೀಕ್ಷೆ ಬರೆದಿದ್ದಾಳೆ! ಕೆಟ್ಟೆವಲ್ಲ ಎಂದುಕೊಂಡೆ. ಕಾರಿನಲ್ಲಿ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಶೈಲಜೆ ಇದ್ದಕ್ಕಿದ್ದಂತೆ, “ರೀ, ಹಾಗಾದ್ರೆ ಅಮ್ಮನಿಗೆ ಹೋಗಿರೋದೇನು?” ಎಂದಳು. ನಾನು ರಸ್ತೆಯ ಕಡೆ ಅತೀವ ಗಮನ ಕೊಟ್ಟೆ.

ಮುಂದಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಸೂಟ್‌ಕೇಸುಗಳ ಬಾಯಿಯನ್ನು ಯಾರೂ ಮುಚ್ಚಲಿಲ್ಲ. ಬುಧವಾರ ಆಫೀಸಿಗೆ ಫೋನ್ ಬಂತು. ಆ ಕಡೆ ಶೈಲಜೆ. ಬರೀ ಬಿಕ್ಕಳಿಕೆ.

“ಹೋಗ್ಲಿ ಬಿಡು ಶೈಲೂ. ಮುಂದಿನ ವರ್ಷ ಹೋಗೋಣ. ನಾನೇ ಸುಬ್ಬುಗೆ ಬರೀತೀನಿ” ಎಂದೆ.

“ಎಂಬತ್ತೆರಡು” ಎಂದಳು ಅವಳು.

“ಏನು?”

“ಎಂಬತ್ತೆರಡು ಬಂದಿದೆ ರೀ ಅವಳಿಗೆ. ಎಂಬತ್ತೆರಡು.”

ನಾನು ಕುರ್ಚಿಯಲ್ಲಿ ಧೊಪ್ಪನೆ ಕೂತೆ. ಇಷ್ಟು ದಿನದಿಂದ ಹೆಗಲ ಮೇಲೆ ಕೂತಿದ್ದ ಇಡೀ ಅಮೆರಿಕ ಖಂಡ ಕೆಳಗಿಳಿದು ಹೋದ ಹಾಗಾಯಿತು. ಮೇಜಿನ ಮೇಲೆ ತಲೆಯಿಟ್ಟು ಒಂದೈದು ನಿಮಿಷ ಸುಮ್ಮನೆ ಉಸಿರಾಡಿದೆ. ಅಷ್ಟು ಸುಖದ ಉಸಿರನ್ನು ನಾನು ಆ ಆಫೀಸಿನಲ್ಲಿ ಎಂದೂ ಎಳೆದಿರಲಿಲ್ಲ. ಆಮೇಲೆ ಎದ್ದು ಹೋಗಿ ಅತ್ತೆಗೆ ತಂತಿ ಕೊಟ್ಟೆ. ತಂತಿ ಎಂದರೆ ಚುಟುಕಾಗಿರಬೇಕು ತಾನೆ? ‘ಪರೀಕ್ಷೆ ಪಾಸ್. ಬರುತ್ತಿದ್ದೇವೆ. ಮೂರ್ತಿ.’ ಅಷ್ಟೇ.

ಮೈಸೂರು ತಲುಪಿದ ದಿನ ಮನೆಯ ಮುಂದೆ ದೊಡ್ಡ ರಂಗೋಲಿ, ಬಾಗಿಲಲ್ಲಿ ಆರತಿ ತಟ್ಟೆ. ತಾಯಿ ಮಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತದ್ದನ್ನು ನಾನು ಬರೆಯುವುದಿಲ್ಲ, ಬರೆಯಲು ಕೂತರೆ ನನಗೂ ಅಳು ಬರುತ್ತದೆ. ಅದೆಲ್ಲ ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು, ರಾಜಿಯನ್ನು ದಾಟಿ, ನೇರವಾಗಿ ನನ್ನ ಹತ್ತಿರ ಬಂದರು. ಹಣೆಗೆ ಕುಂಕುಮವಿಟ್ಟರು.

“ಅಂತೂ ಪಾಸಾದ್ರಲ್ಲ ಅಳಿಯಂದಿರೇ. ದೇವರು ದೊಡ್ಡವನು” ಎಂದರು.

“ಯಾರು? ನಾನಾ?”

“ಮತ್ತಿನ್ಯಾರು? ಕ್ಯಾಸೆಟ್ ಹಾಕಿದ ತಕ್ಷಣ ನಿಮ್ಮ ಧ್ವನಿ. ‘ಪರೀಕ್ಷೆಗೆ ಹನ್ನೆರಡೇ ದಿನ, ಪಾಸಾಗಲೇಬೇಕು’ ಅಂತ ಗೋಳಾಡ್ತಿದೀರಿ. ನನಗೆ ಕರುಳು ಕಿತ್ತು ಬಂತು. ಈ ವಯಸ್ಸಲ್ಲಿ, ಅಷ್ಟು ದೊಡ್ಡ ಕೆಲಸದಲ್ಲಿದ್ದೋರನ್ನ ಆ ದೇಶದಲ್ಲಿ ಮತ್ತೆ ಸ್ಕೂಲ್ ಪರೀಕ್ಷೆಗೆ ಕೂರಿಸ್ತಾರಲ್ಲ ಅಂತ. ಬೀದಿಯವರೆಲ್ಲ ಸೇರಿ ಗಣಪತಿಗೆ ಇಪ್ಪತ್ತೊಂದು ಕಾಯಿ ಹರಕೆ ಹೊತ್ವಿ. ನಿಮ್ಮ ತಂತಿ ಬಂದಮೇಲೆ ಒಡೆದ್ವಿ.”

ಕಿಟಕಿಯಲ್ಲಿ, ಜಗಲಿಯಲ್ಲಿ, ಎದುರುಮನೆಯ ಮಹಡಿಯಲ್ಲಿ ಇಡೀ ಬೀದಿ ನಿಂತು ನನ್ನನ್ನು ಕನಿಕರದಿಂದ ನೋಡುತ್ತಿತ್ತು. ನೂರಕ್ಕೆ ತೊಂಬತ್ತೊಂದು ಪಡೆದ ವೀರನನ್ನು! ಶೈಲಜೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ನಿಜ ಹೇಳಿ ಮುಗಿಸಲು ನನಗೆ ಒಂದು ಲೋಟ ಕಾಫಿಯಷ್ಟು ಹೊತ್ತು ಹಿಡಿಯಿತು. ಅತ್ತೆ ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ, ಒಂದು ಹಿತ್ತಾಳೆ ಬಟ್ಟಲನ್ನು ತಂದು ಮುಂದಿಟ್ಟರು. ಅದರಲ್ಲಿ ಹುಣಿಸೆಬೀಜ.

“ಅದಿರಲಿ, ಒಂದು ಅನುಮಾನ. ಅಧ್ಯಕ್ಷರು ಮೂವತ್ತೆಂಟು ಅಂತ ಹಾಡಿದೀರಿ. ನೀವು ಒಂದೊಂದು ಹೆಸರು ಹೇಳಿದಾಗಲೂ ನಾನು ಒಂದೊಂದು ಬೀಜ ಹಾಕಿದೆ. ಮೂರು ಸಲ ಎಣಿಸಿದೆ. ಮೂವತ್ತೇಳೇ ಆಗತ್ತೆ. ಇನ್ನೊಬ್ಬರು ಎಲ್ಲಿ ಹೋದ್ರು?”

ನಾನು ಬಾಯಿ ತೆರೆದೆ. ನನಗಿಂತ ಮೊದಲು ರಾಜಿ ಬಾಯಿ ತೆರೆದಳು, ಅದೂ ಅಚ್ಚ ಕನ್ನಡದಲ್ಲಿ.

“ಅಜ್ಜಿ, ಕ್ಲೀವ್‌ಲ್ಯಾಂಡ್ ಅಂತ ಒಬ್ಬರು ಎರಡು ಸಲ ಬರ್ತಾರೆ. ನಡುವೆ ಸೋತು, ಮತ್ತೆ ಗೆದ್ದರು. ಅಪ್ಪ ಒಂದು ಸಲ ಬಿಟ್ಟುಬಿಟ್ಟಿದಾರೆ. ಯಾಕೆ ಸೋತರು ಅಂತ ಪರೀಕ್ಷೆಯಲ್ಲಿ ಕೇಳಿದ್ರು, ನಾನು ಬರೆದೆ.”

“ಹಾಗೆ ಹೇಳು ಮತ್ತೆ” ಎಂದ ಅತ್ತೆ ಇನ್ನೊಂದು ಬೀಜವನ್ನು ಬಟ್ಟಲಿಗೆ ಹಾಕಿ ಸಮಾಧಾನದ ಉಸಿರು ಬಿಟ್ಟರು. ಅವರ ಮಟ್ಟಿಗೆ ಅಮೆರಿಕದ ಇತಿಹಾಸ ಆಗ ಸರಿಹೋಯಿತು. ಆಮೇಲೆ ನನ್ನ ಕಡೆ ತಿರುಗಿ ಬೆನ್ನು ಸವರಿದರು.

“ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ಹೇಗೂ ಮೂರು ವಾರ ಇರ್ತೀರಿ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿಕೊಂಡು ಬಂದು ಕೂತ್ಕೊಳ್ಳಿ, ನಾನು ಹೇಳಿಕೊಡ್ತೀನಿ” ಎಂದು ಬಟ್ಟಲನ್ನು ನನ್ನ ಮುಂದಕ್ಕೆ ಸರಿಸಿದರು.